ಕುಂಬಳಕಾಯಿ ಕುಮಾರಿಯೂ ನನ್ನ ಫೋನೂ

“ಈ ಶಿವಶಂಕರ ಬದುಕಿರುವವರೆಗೆ ಆ ತರಕಾರಿ ಹಾಡು ನಮ್ಮ ಹೊಸ್ತಿಲು ದಾಟಕೂಡದು!”

೨೦೦೭ರಲ್ಲಿ ನಾನು ಹೀಗೆ ಘೋಷಿಸಿದಾಗ ಗುಂಡ್ಲುಪೇಟೆಯ ಆಟೋ, ಬೇಕರಿ, ಮದುವೆಮನೆ, ಎಲ್ಲೆಲ್ಲೂ ಅದೇ ಹಾಡು: ‘ಕುಂಬ್ಳಕಾಯ್ ಕುಮಾರಿ ಕುಣಿಯೇ, ಸೋರೆಕಾಯ್ ಸರದಾರ ಬಂದ!’ ಹೈಸ್ಕೂಲಿನಲ್ಲಿ ಹಳಗನ್ನಡ ಬೋಧಿಸುವವನು ಇದನ್ನು ಸಹಿಸುವುದುಂಟೆ? ಮಗಳು ಭವ್ಯ ತೆಪ್ಪಗೆ ರೇಡಿಯೋ ಆರಿಸಿದಳು. ಹೆಂಡತಿ ನಾಗಲಕ್ಷ್ಮಿ ಮಾತ್ರ ಹುರುಳಿಕಾಯಿ ಮುರಿಯುತ್ತಾ, “ಆಯ್ತು ಬುಡಿ” ಅಂದಳು.

ವಾರ ಕಳೆದು ಹೆಡ್‌ಮಾಸ್ತರರಿಗೆ ಫೋನ್ ಮಾಡಿದರೆ, ರಿಂಗಿನ ಬದಲು ಕುಂಬಳಕಾಯಿ! ‘ಈ ಹಾಡು ನಿಮಗೂ ಬೇಕೆ? ಸ್ಟಾರ್ ಒತ್ತಿ’ ಎಂದಿತು ಒಂದು ಹೆಣ್ಣುದನಿ. ಅದರ ಬಾಯಿ ಮುಚ್ಚಿಸಲು ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದೆ. ದನಿ ನಿಂತಿತು. ಗೆದ್ದೆ!

ಆಮೇಲೆ ಊರವರೆಲ್ಲ ನನ್ನನ್ನು ಕಂಡು ಮುಸಿಮುಸಿ ನಗತೊಡಗಿದರು. ಒಂದು ಸಂಜೆ ಶಾಲೆಯಿಂದ ಬಂದರೆ ನಾಗಲಕ್ಷ್ಮಿ ಬಾಗಿಲಲ್ಲೇ ತಡೆದಳು.

“ರೀ, ನಿಮ್ಗೆ ಫೋನ್ ಮಾಡುದ್ರೆ ಕುಂಬ್ಳಕಾಯಿ ಕುಣೀತದೆ ಕಣ್ರೀ!”

“ನನಗೆ ಕೇಳಿಸೇ ಇಲ್ವಲ್ಲೇ?”

“ನಿಮ್ ಕಾಲರ್ ಟ್ಯೂನು ನಿಮ್ಗೆಂಗೆ ಕೇಳ್ಸುತ್ತೆ? ಮಾಡ್ದೋರ್ಗೆ ಕೇಳ್ಸೋದು!”

ನನಗೆ ಗೊತ್ತಿದ್ದ ಕಾಲರ್ ಅಂಗಿಯದೊಂದೇ!

ಫೋನ್ ತೆಗೆದು ನೋಡಿದೆ. ಮಗನಿಗಾಗಿ ಭವ್ಯಳನ್ನು ನೋಡಿ ಹೋಗಿದ್ದ ಸಂತೆಮರಹಳ್ಳಿಯ ಸಿದ್ದಮಲ್ಲಪ್ಪನವರು ಅಂದೇ ಒಪ್ಪಿಗೆ ತಿಳಿಸಬೇಕಿತ್ತು. ಮಹಾ ಶಿಸ್ತಿನ ಮನೆತನ. ನಾನು ಪಾಠದಲ್ಲಿದ್ದಾಗ ಅವರಿಂದ ಹನ್ನೊಂದು ಮಿಸ್ಡ್ ಕಾಲ್! ಹುಡುಗನನ್ನು ಮನಸಾರೆ ಮೆಚ್ಚಿದ್ದ ಮಗಳ ಮುಖ ನೋಡಲು ಧೈರ್ಯವಾಗಲಿಲ್ಲ.

ಮರುದಿನ ಅವರೇ ಬಂದಿಳಿದರು. ಕೈಮುಗಿದು, “ಆ ಹಾಡು ಇವತ್ತೇ ತೆಗೆಸಿಬಿಡ್ತೀನಿ ಸ್ವಾಮಿ” ಅಂದೆ.

“ತೆಗ್ಸ್‌ಬುಟ್ಟೀರಿ ಮೇಷ್ಟ್ರೇ, ಜ್ವಾಕೆ!” ಎಂದು ಗುಡುಗಿದರು. “ನಮ್ಮಪ್ಪ ತೀರ್ಕೊಂಡ್ಮೇಲೆ ನಮ್ಮವ್ವ ನಕ್ಕೇ ಇರ್ನಿಲ್ಲ. ನೆನ್ನೆ ಸ್ಪೀಕರ್ನಲ್ಲಿ ಕೇಳಿ ಬಿದ್ದೂ ಬಿದ್ದೂ ನಕ್ಬುಟ್ಲು. ಇನ್ನೊಂದ್ಕಿತ, ಇನ್ನೊಂದ್ಕಿತ ಅಂತ ಅನ್ನೊಂದು ಕಿತ ಮಾಡ್ಸುದ್ಲು! ವರದಕ್ಷಿಣೆ ಗಿರದಕ್ಷಿಣೆ ಏನೂ ಬ್ಯಾಡ. ಅವ್ವ ಮಾಡ್ದಾಗ ನೀವು ಫೋನ್ ಎತ್ಬೇಡಿ, ಅಷ್ಟೆಯ!”

ಮದುವೆಯಾಯಿತು. ಎರಡು ವರ್ಷ ದಿನಾ ಬೆಳಿಗ್ಗೆ ಎಂಟಕ್ಕೆ ಸಿದ್ದಮಲ್ಲಪ್ಪನವರ ತಾಯಿ ದೊಡ್ಡಮಲ್ಲಮ್ಮಜ್ಜಿಯ ಕರೆ. ಬಡಿದುಕೊಳ್ಳುವ ಫೋನನ್ನು ತಿಂಡಿ ತಟ್ಟೆಯ ಪಕ್ಕದಲ್ಲಿಟ್ಟು, ಸಂತೆಮರಹಳ್ಳಿಯಲ್ಲಿ ನಗುತ್ತಿರುವ ಆ ಬೊಚ್ಚುಬಾಯಿಯನ್ನು ನೆನೆದು ನಾವೂ ನಗುತ್ತಿದ್ದೆವು. ಈಗ ಆ ಹಾಡು ಯಾರಿಗೂ ನೆನಪಿಲ್ಲ. ಅಜ್ಜಿಯೂ ಇಲ್ಲ.

ಒಂದೇ ಒಂದು ದಿನ ಮರೆತು ಎತ್ತಿಬಿಟ್ಟಿದ್ದೆ. ನನ್ನ ಗಂಭೀರ ಕಂಠದಲ್ಲಿ, “ನಮಸ್ಕಾರ ಅಮ್ಮಾ, ನಾನು ನಿಮ್ಮ ಬೀಗರು ಶಿವಶಂಕರ...” ಎಂದೆ.

“ಥೂ, ಯಾವನ್ಲಾ ನೀನು ಮಧ್ಯಕ್ಕೆ ಬಾಯಾಕೋನು?” ಎಂದಿತು ಅಜ್ಜಿ. “ಮಡುಗ್ಲಾ ಫೋನಾ, ಆಡು ನಿಂತೋಯ್ತು!”