ಎಸಿಯ ಕೆಳಗಿನ ವಿದೂಷಕ

ದುಬೈಯಲ್ಲಿ ಚಳಿ ಎನ್ನುವುದು ಕಟ್ಟಡದೊಳಗೆ ವಾಸಿಸುವ ಪ್ರಾಣಿ. ಹೊರಗೆ ಚಪ್ಪಲಿಯ ಅಡಿ ಮೆತ್ತಗಾಗುವ ಜುಲೈಯಲ್ಲೂ ಅದು ಒಳಗೆ ಕೊಬ್ಬಿಕೊಂಡು ಕೂತಿರುತ್ತದೆ. ಈ ಮಾತನ್ನು ಊರಿನಲ್ಲಿ ಯಾರೂ ನಂಬುವುದಿಲ್ಲ. "ಮರಳುಗಾಡಿನಲ್ಲಿ ನಿನಗೆ ಎಂತ ಶೀತ ಮಾರಾಯ" ಎಂದು ಮೂಡುಬಿದಿರೆಯಿಂದ ಅಮ್ಮ ಫೋನಿನಲ್ಲಿ ಕೇಳುತ್ತಾಳೆ. ನಾನು ಸೀನಿ ಉತ್ತರ ಕೊಡುತ್ತೇನೆ. ನಾಲ್ಕು ವರ್ಷಗಳಿಂದ ನಾನು ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ, ಎಸಿಯ ಗಾಳಿ ಬೀಳುವ ಚೌಕದ ನೇರ ಕೆಳಗೆ ಕೂತು ಬೋರ್ಡು ಬ್ಯಾನರುಗಳ ಡಿಸೈನ್ ಮಾಡುತ್ತಿದ್ದೇನೆ. ಮಾರ್ಚುರಿಯಲ್ಲಿ ಮಲಗಿದವರಿಗೂ ನನಗೂ ಇರುವ ವ್ಯತ್ಯಾಸ ಇಷ್ಟೇ: ಅವರಿಗೆ ಡೆಡ್‌ಲೈನ್ ಇಲ್ಲ.

ಎಸಿಯ ಗುಂಡಿಗೆ ಒಂದು ಗಾಜಿನ ಪೆಟ್ಟಿಗೆ, ಪೆಟ್ಟಿಗೆಗೆ ಒಂದು ಬೀಗ, ಬೀಗದ ಕೀ ಅಕೌಂಟ್ಸಿನ ಫಿಲೋಮಿನಾ ಬಾಯಿಯವರ ಹ್ಯಾಂಡ್‌ಬ್ಯಾಗಿನಲ್ಲಿ. ಅವರಿಗೆ ವರ್ಷವಿಡೀ ಸೆಖೆ. ಕಂಪನಿಯಲ್ಲಿ ಇಪ್ಪತ್ತು ವರ್ಷ ದುಡಿದವರು, ನಮಗೆಲ್ಲ ತಾಯಿಯ ಹಾಗೆ. ಅಂದರೆ ಕೇಳಿದ್ದು ಕೊಡುವುದಿಲ್ಲ, ಕೇಳದ ಬುದ್ಧಿವಾದ ಕೊಡುತ್ತಾರೆ. ಹಾಗಾಗಿ ನಮ್ಮ ಆಫೀಸಿನಲ್ಲಿ ಪ್ರತಿ ಕುರ್ಚಿಯ ಬೆನ್ನಿಗೂ ಒಂದೊಂದು ಸ್ವೆಟರ್ ನೇತಾಡುತ್ತದೆ. ಬೆಳಿಗ್ಗೆ ಬಂದ ಕೂಡಲೇ ಹಾಕಿಕೊಳ್ಳುವುದು, ಸಂಜೆ ಹೋಗುವಾಗ ಕಳಚಿ ಕುರ್ಚಿಗೆ ಹಾಕಿ ಬಿಸಿಲಿಗೆ ಇಳಿಯುವುದು. ಈ ಅಭ್ಯಾಸವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನನ್ನ ಸರ್ವನಾಶಕ್ಕೆ ಅದೇ ಕಾರಣ.

ಆಫೀಸಿನಲ್ಲಿ ಬೆಚ್ಚಗಿನ ಜಾಗ ಒಂದೇ ಒಂದು: ಪಶ್ಚಿಮದ ಕಿಟಕಿಯ ಹತ್ತಿರದ ಮೇಜು. ಅಲ್ಲಿ ಕೂತಿದ್ದವನು ಕೆನಡಾಕ್ಕೆ ಹೋದ. ಆ ಬಿಸಿಲು ಬಿಟ್ಟು ಕೆನಡಾಕ್ಕೆ ಹೋದವನ ಬುದ್ಧಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವನು ಹೋದ ಮೇಲೆ ಅಲ್ಲಿ ಶಾಯಿಯ ಖಾಲಿ ಡಬ್ಬಗಳನ್ನು ಪೇರಿಸಿಟ್ಟರು. ಮಧ್ಯಾಹ್ನ ಮೂರರಿಂದ ಆರರವರೆಗೆ ಆ ಡಬ್ಬಗಳು ಬಿಸಿಲು ಕಾಯಿಸಿಕೊಳ್ಳುತ್ತವೆ, ಮನುಷ್ಯನಾದ ನಾನು ನಡುಗುತ್ತೇನೆ. ಅಲ್ಲಿಗೆ ಹೋಗಲೇ ಎಂದು ನಮ್ಮ ಮ್ಯಾನೇಜರ್ ಲಾರೆನ್ಸ್ ಸರ್ ಹತ್ತಿರ ಕೇಳದ ತಿಂಗಳಿಲ್ಲ. ಅವರು ಪ್ರತಿ ಸಲವೂ ಕನ್ನಡಕ ತೆಗೆಯುತ್ತಾರೆ, ಟೈಯ ತುದಿಯಿಂದ ಒರೆಸುತ್ತಾರೆ, ಕನ್ನಡಕವನ್ನು ಬೆಳಕಿಗೆ ಹಿಡಿದು ಅದರಲ್ಲಿ ನನ್ನ ಭವಿಷ್ಯ ಕಂಡವರ ಹಾಗೆ ಮೂಗಿನಲ್ಲೇ ಹೇಳುತ್ತಾರೆ: "ಅದು... ನೋಡುವ ಆಯ್ತಾ. ಮುಂದಿನ ವಾರ ನೋಡುವ."

ಇದನ್ನು ನಾನು ತುಂಬ ಚೆನ್ನಾಗಿ ಮಾಡುತ್ತೇನೆ. ಬೇರೆ ವಿದ್ಯೆ ತಲೆಗೆ ಹತ್ತದಿದ್ದರೂ ಬೇರೆಯವರ ಧ್ವನಿ ಗಂಟಲಿಗೆ ಹತ್ತುತ್ತದೆ. ಪ್ಯಾಂಟ್ರಿಯಲ್ಲಿ ಚಹಾ ಕುಡಿಯುವಾಗ ನನ್ನದು ದಿನಕ್ಕೊಂದು ಪ್ರದರ್ಶನ. ನೋಡುಗರಲ್ಲಿ ಮುಂದಿನ ಸಾಲು ನವಾಜ್‌ನದು. ಅವನು ಉಪ್ಪಿನಂಗಡಿಯ ಬ್ಯಾರಿ, ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನನ್ನ ರೂಮ್‌ಮೇಟ್, ಆಫೀಸಿನಲ್ಲಿ ಸೈಟ್ ಸೂಪರ್‌ವೈಸರ್. ನಗುವಾಗ ಎದುರಿದ್ದವನ ಬೆನ್ನಿಗೆ ಗುದ್ದುವ ಅಭ್ಯಾಸ ಅವನಿಗೆ. ನನ್ನ ಕಲೆಗೆ ಇಲ್ಲಿಯವರೆಗೆ ಸಿಕ್ಕಿದ ಸನ್ಮಾನವೆಂದರೆ ಅದೊಂದೇ.

ಈ ಜನವರಿಯಲ್ಲಿ ಅಬುಧಾಬಿ ಕಡೆಯ ಮರಳುಗಾಡಿನಲ್ಲಿ ಯಾರೋ ಒಂದು ಮಧ್ಯಯುಗದ ಉತ್ಸವ ಮಾಡಿದರು. ಯುರೋಪಿನ ಹಳೇ ಕಾಲದ ರಾಜ, ಯೋಧ, ಸನ್ಯಾಸಿನಿಯರ ವೇಷ ಹಾಕಿಕೊಂಡು ಶನಿವಾರ, ಭಾನುವಾರ ಡೇರೆಯಲ್ಲಿ ಬದುಕುವುದು. ಅದರ ಬಾವುಟಗಳನ್ನೆಲ್ಲ ಪ್ರಿಂಟ್ ಮಾಡಿದ್ದು ನಮ್ಮ ಕಂಪನಿ, ಹಾಗಾಗಿ ನಮ್ಮ ಹನ್ನೆರಡು ಮಂದಿಗೂ ಪಾಸ್ ಬಂತು. ವೇಷಗಳನ್ನು ಅಲ್ಲೇ ಕೊಡುತ್ತಾರಂತೆ. ಲಾರೆನ್ಸ್ ಸರ್ ಇದಕ್ಕೆ ಟೀಮ್ ಬಿಲ್ಡಿಂಗ್ ಎಂದು ಹೆಸರಿಟ್ಟು, ಯಾರಿಗೆ ಯಾವ ವೇಷ ಎಂದು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ಕಳಿಸಿದರು. ಪಟ್ಟಿ ಗ್ರೇಡ್ ಪ್ರಕಾರ ಇತ್ತು. ಮ್ಯಾನೇಜರ್ ರಾಜ. ಸೂಪರ್‌ವೈಸರ್ ಯೋಧ. ಫಿಲೋಮಿನಾ ಬಾಯಿಯವರಿಗೆ ರಾಣಿ ಎಂದು ಬರೆದಿದ್ದರು. "ನನ್ನ ಗಂಡ ಅಲ್ ನಹ್ದಾದ ಮನೆಯಲ್ಲಿ ಜೀವಂತ ಉಂಟು, ನಾನು ಇವರ ರಾಣಿ ಎಂತಕ್ಕೆ ಆಗ್ಬೇಕು" ಎಂದು ಅವರು ಮಠದ ಮದರ್ ಸುಪೀರಿಯರ್ ಆದರು. "ನನ್ನಮ್ಮನಿಗೆ ನಾನು ಸಿಸ್ಟರ್ ಆಗ್ಬೇಕು ಅಂತ ಆಸೆ ಇತ್ತು. ಎರಡು ದಿನವಾದ್ರೂ ಆಗ್ಲಿ" ಎಂದರು. ನನ್ನ ಹೆಸರಿನ ಮುಂದೆ ವಿದೂಷಕ ಎಂದಿತ್ತು.

ಅವಮಾನವೆಂದು ಕೂಗಾಡಬಹುದಿತ್ತು. ಆದರೆ ಉತ್ಸವದವರ ನಿಯಮಗಳ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು: ಭಾನುವಾರ ಬೆಳಗಿನ ದರ್ಬಾರಿನಲ್ಲಿ ವಿದೂಷಕ ತನ್ನ ರಾಜನನ್ನು ನಗಿಸಿದರೆ ಒಂದು ವರ ಕೇಳಬಹುದು, ರಾಜ ಇಲ್ಲ ಎನ್ನುವಂತಿಲ್ಲ. ಇಲ್ಲ ಎನ್ನುವಂತಿಲ್ಲವೆಂದರೆ ಮುಂದಿನ ವಾರ ಎನ್ನುವಂತೆಯೂ ಇಲ್ಲ. ಇಡೀ ಆಫೀಸಿನ ಸಾಕ್ಷಿಯಲ್ಲಿ ಕಿಟಕಿಯ ಮೇಜು ಕೇಳುವುದು, ಕಾಗದದಲ್ಲಿ ಸಹಿ ಹಾಕಿಸಿಕೊಳ್ಳುವುದು, ಖಲಾಸ್. ಆ ಒಂದು ವಾರವಿಡೀ ನಾನು ಡಬ್ಬಗಳ ಕಡೆ ನೋಡಿ ಕನಿಕರದಿಂದ ನಗುತ್ತಿದ್ದೆ.

ಶುಕ್ರವಾರ ಸಂಜೆ ನಾವು ಹನ್ನೆರಡೂ ಜನ ಎಂದಿನಂತೆ ಸ್ವೆಟರ್ ಕಳಚಿದೆವು. ಎಂದಿನಂತೆ ಕುರ್ಚಿಯ ಬೆನ್ನಿಗೆ ಹಾಕಿದೆವು. ಮರಳುಗಾಡಿಗೆ ಹೋಗುವವರು ಸ್ವೆಟರ್ ಯಾಕೆ ಒಯ್ಯುತ್ತಾರೆ ಹೇಳಿ. ಸ್ವೆಟರ್ ಇರುವುದು ಆಫೀಸಿಗೆ. ಹನ್ನೆರಡು ತಲೆಗಳಲ್ಲಿ ಒಂದಕ್ಕೂ ಬೇರೆ ಯೋಚನೆ ಬರಲಿಲ್ಲ. ನವಾಜ್ ಮಾತ್ರ ಕೂಲಿಂಗ್ ಗ್ಲಾಸು ಮತ್ತು ಸನ್‌ಸ್ಕ್ರೀನ್ ತೆಗೆದುಕೊಂಡ.

ಶನಿವಾರ ಮಧ್ಯಾಹ್ನ ಚೆನ್ನಾಗಿಯೇ ಇತ್ತು. ನನಗೆ ಕೊಟ್ಟದ್ದು ಒಂದು ಕಾಲು ಕೆಂಪು, ಒಂದು ಕಾಲು ಹಳದಿ ಇರುವ ಬಿಗಿ ಚಡ್ಡಿ, ಸೊಳ್ಳೆಪರದೆಯಷ್ಟು ತೆಳ್ಳಗಿನ ಅಂಗಿ, ಮೂರು ಗೆಜ್ಜೆಗಳ ಟೊಪ್ಪಿ. ಫಿಲೋಮಿನಾ ಬಾಯಿಗೆ, ಅದೂ ವರ್ಷವಿಡೀ ಸೆಖೆಯಾಗುವ ಫಿಲೋಮಿನಾ ಬಾಯಿಗೆ, ನೆಲ ಮುಟ್ಟುವ ದಪ್ಪ ಉಣ್ಣೆಯ ನಿಲುವಂಗಿ. ಈ ಲೋಕದಲ್ಲಿ ನ್ಯಾಯ ಇದೆಯೇ ಎಂದು ಕೇಳುವವರಿಗೆ ಆ ಎರಡು ಬಟ್ಟೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬೇಕು. ಲಾರೆನ್ಸ್ ಸರ್‌ಗೆ ಕಿರೀಟ, ಜೊತೆಗೆ ರೋಮದ ಅಂಚಿನ ಮೇಲುವಸ್ತ್ರ. ರೋಮ ಸುಳ್ಳು, ಆದರೆ ಬೆಚ್ಚಗಿನ ಸುಳ್ಳು.

ಸೂರ್ಯ ಮುಳುಗುತ್ತಲೇ ಗಾಳಿ ಎದ್ದಿತು. ಮರಳಿಗೆ ನೆನಪಿನ ಶಕ್ತಿಯೇ ಇಲ್ಲ. ಇಡೀ ದಿನ ಕುಡಿದ ಬಿಸಿಲನ್ನು ಅರ್ಧ ಗಂಟೆಯಲ್ಲಿ ಮರೆತುಬಿಡುತ್ತದೆ. ಆಗ ನವಾಜ್‌ಗೆ ಹೊಳೆಯಿತು: ಊರಿಗೆ ಹೋಗುವವರ ಕೈಯಲ್ಲಿ ಉಮ್ಮನಿಗೆ ಕಳಿಸಲೆಂದು ಕೊಂಡ ಕಂಬಳಿ ಅವನ ಕಾರಿನ ಡಿಕ್ಕಿಯಲ್ಲಿತ್ತು. ಗಲ್ಫಿನಿಂದ ಊರಿಗೆ ಹೋಗುವ, ಮೇಲೊಂದು ದೊಡ್ಡ ಹುಲಿ ಇರುವ, ಹೊದ್ದರೆ ಮೈಮೇಲೆ ಯಾರೋ ಕೂತ ಹಾಗಾಗುವ ಆ ಕಂಬಳಿ. ಇಬ್ಬರೂ ಓಡಿ ತಂದೆವು. ಬಾಗಿಲಲ್ಲಿ ಈಟಿ ಹಿಡಿದ ಕಾವಲುಗಾರ ತಡೆದ. ಇದು ಮಧ್ಯಯುಗದ್ದಲ್ಲವಂತೆ. "ಮಧ್ಯಯುಗದಲ್ಲಿ ಹುಲಿ ಇರ್ಲಿಲ್ವಾ" ಎಂದು ನಾನು ಇಂಗ್ಲಿಷಿನಲ್ಲಿ ವಾದಿಸಿದೆ. ಹುಲಿ ಇತ್ತು ಸರ್, ಪಾಲಿಯೆಸ್ಟರ್ ಇರಲಿಲ್ಲ ಎಂದ. ಹಾಗೆ ಹೇಳಿದವನ ಮೀಸೆಯೇ ಪಾಲಿಯೆಸ್ಟರು. ಹುಲಿ ಡಿಕ್ಕಿಗೆ ವಾಪಸ್ ಹೋಯಿತು. ನಮಗೆ ಡೇರೆಯಲ್ಲಿ ಸಿಕ್ಕಿದ್ದು ತಲೆಗೆ ಎಳೆದರೆ ಕಾಲು ಹೊರಗೆ ಬರುವ ಚಿಂದಿ. ಆ ರಾತ್ರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನ್ನ ಟೊಪ್ಪಿಯ ಗೆಜ್ಜೆಗಳು ಬೆಳಗಿನವರೆಗೂ ತಾವಾಗಿಯೇ ಕುಣಿದವು.

ಭಾನುವಾರ ಬೆಳಿಗ್ಗೆ ದರ್ಬಾರು. ಬಯಲಿನಲ್ಲಿ ಉದ್ದನೆಯ ಮೇಜು, ಮಂಜು ಎಷ್ಟು ದಟ್ಟವಿತ್ತೆಂದರೆ ಮೇಜಿನ ಆ ತುದಿಯಲ್ಲಿ ರಾಜ ಇದ್ದಾರೆಂಬುದನ್ನು ಕೆಮ್ಮಿನಿಂದ ತಿಳಿಯಬೇಕು. ತಿನ್ನಲು ಉಪ್ಪಿಲ್ಲದ ಬಾರ್ಲಿ ಗಂಜಿ. ಒಂದು ಉಪ್ಪಿನಕಾಯಿ ಮಿಡಿ ಕೊಟ್ಟಿದ್ದರೆ ಯುರೋಪಿನ ಇತಿಹಾಸವೇ ಬೇರೆಯಾಗುತ್ತಿತ್ತು. ನವಾಜ್ ತಗಡಿನ ಕವಚದೊಳಗೆ ನಿಂತೇ ಇದ್ದ, ಮಂಡಿ ಮಡಚುತ್ತಿರಲಿಲ್ಲ. "ಪ್ರಜ್ಜು, ನಾನು ಫ್ರಿಜ್ಜಲ್ಲಿಟ್ಟ ಬಂಗುಡೆ ಮೀನು ಆಗಿದ್ದೇನೆ ಮಾರಾಯ. ಯಲ್ಲಾ, ಬೇಗ ನಗಿಸು, ಮುಗಿಸು" ಎಂದ.

ಮಂಜು ಸ್ವಲ್ಪ ತೆಳುವಾದ ಕೂಡಲೇ ನಾನು ಬೆಂಚು ಹತ್ತಿ ನಿಂತೆ. ಮೊದಲು ಫಿಲೋಮಿನಾ ಬಾಯಿ ಮಗನಿಗೆ ಫೋನ್ ಮಾಡುವುದು: ಇವರು ಕೊಂಕಣಿಯಲ್ಲಿ ಹತ್ತು ನಿಮಿಷ ಬೈಯುವುದು, ಆ ಕಡೆಯಿಂದ ಅವನು ಇಂಗ್ಲಿಷಿನಲ್ಲಿ ಓಕೆ ಮಮ್ಮಾ ಎನ್ನುವುದು. ಜನ ನಕ್ಕರು. ಆಮೇಲೆ ನವಾಜ್ ಏಣಿಯ ತುದಿಯಲ್ಲಿ ನಿಂತು ಬೋರ್ಡು ನೆಟ್ಟಗಿದೆ ಎಂದು ಸಾಧಿಸುವುದು. ಮತ್ತೂ ನಕ್ಕರು. ಕೊನೆಗೆ ನನ್ನನ್ನೇ ಮಾಡಿದೆ, ಡೆಡ್‌ಲೈನಿನ ದಿನ ಕಂಪ್ಯೂಟರ್ ಹಾಳಾಗಲಿ ಎಂದು ದೇವರಲ್ಲಿ ಬೇಡುವುದು. ರಾಜ ಮಾತ್ರ ನಗಲಿಲ್ಲ.

"ಎಲ್ಲರದ್ದೂ ಆಯ್ತು" ಎಂದರು ಲಾರೆನ್ಸ್ ಸರ್. "ನನ್ನದೆಲ್ಲಿ?"

"ನಿಮ್ಮದು ನನಗೆ ಬರೋದಿಲ್ಲ ಸರ್."

"ಸುಳ್ಳು ಹೇಳ್ಬೇಡ ಮಾರಾಯ. ಪ್ಯಾಂಟ್ರಿಯ ಗೋಡೆ ತೆಳು ಉಂಟು. ನಾಲ್ಕು ವರ್ಷದಿಂದ ಕೇಳ್ತಾ ಇದ್ದೇನೆ. ಇವತ್ತು ನೋಡುವ, ಹೇಗೆ ಮಾಡ್ತಿ ಅಂತ."

ನವಾಜ್ ಸದ್ದಿಲ್ಲದೆ ಮುಖದ ತಗಡನ್ನು ಕೆಳಗೆಳೆದುಕೊಂಡ. ಫಿಲೋಮಿನಾ ಬಾಯಿ ಶಿಲುಬೆಯ ಗುರುತು ಮಾಡಿದರು. ಆ ವೇಷದಲ್ಲಿ ಅದು ಅಂತ್ಯಕ್ರಿಯೆಯ ಹಾಗೇ ಕಂಡಿತು. ಇನ್ನು ಹೋಗುವುದೇನು ಎಂದು ನಾನು ಇಲ್ಲದ ಕನ್ನಡಕ ತೆಗೆದೆ. ಇಲ್ಲದ ಟೈಯಿಂದ ಒರೆಸಿದೆ. ಬೆಳಕಿಗೆ ಹಿಡಿದೆ. ಮೂಗಿನೊಳಗಿಂದ ಧ್ವನಿ ತೆಗೆದು, "ಎಂತ, ಎಸಿ ಕೆಳಗೆ ಸತ್ತು ಹೋದಿಯಾ? ಛೆ. ಹೂಳುವುದು ತಾನೆ... ನೋಡುವ ಆಯ್ತಾ. ಮುಂದಿನ ವಾರ ನೋಡುವ" ಎಂದೆ.

ಮೊದಲು ಕಿರೀಟ ಅಲ್ಲಾಡಿತು. ಭುಜ ಅಲ್ಲಾಡಿತು. ಲಾರೆನ್ಸ್ ಸರ್ ಮೇಜಿಗೆ ಹಣೆ ಒತ್ತಿ, ಗಂಜಿಯ ಬಟ್ಟಲು ತಳ್ಳಿ, ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ಒರೆಸಿದ್ದು ಅಭ್ಯಾಸಬಲದಿಂದ ಇಲ್ಲದ ಟೈಯನ್ನು ತಡಕಾಡಿಯೇ. ಅದನ್ನು ನೋಡಿ ಎಲ್ಲರೂ ಇನ್ನೊಂದು ಸುತ್ತು ನಕ್ಕರು. ಕೊನೆಗೆ ಅವರು ಎದ್ದು ನಿಂತು, ಮರದ ಖಡ್ಗ ಎತ್ತಿ, "ಗೆದ್ದೆ ಮಾರಾಯ. ಕೇಳು. ಎಂತ ಬೇಕು?" ಎಂದರು. ಉತ್ಸವದವನೊಬ್ಬ ಬರೆದುಕೊಳ್ಳಲು ಗರಿಯ ಪೆನ್ನು ಹಿಡಿದು ನಿಂತ.

ನಾಲ್ಕು ವರ್ಷದ ಕನಸು ನಾಲಗೆಯ ತುದಿಯಲ್ಲಿತ್ತು. ಕಿಟಕಿ ಎಂಬ ಮಾತನ್ನು ಹೇಳಲೆಂದೇ ಬಾಯಿ ತೆರೆದೆ. ಕಕಾರವೂ ಬಂತು. ಅಷ್ಟರಲ್ಲಿ ಮರಳಿನ ಗುಡ್ಡೆಯ ಆಚೆಯಿಂದ ಒಂದು ಗಾಳಿ ಎದ್ದು ಬಂದು ನನ್ನ ಅಂಗಿಯೊಳಗೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಟಿತು. ನನ್ನ ದೇಹ ನನ್ನನ್ನು ಕೇಳದೆ ತೀರ್ಮಾನ ತೆಗೆದುಕೊಂಡಿತು.

"ಕ... ಕ... ಕಂಬಳಿ" ಎಂದೆ.

ಬರೆದುಕೊಳ್ಳುವವನಿಗೆ ಯಾರೋ ಅನುವಾದಿಸಿದರು. ಅವನು ಬರೆದುಕೊಂಡ. ನಾನು ಕೈ ಬೀಸಿ ತಿದ್ದಲು ನೋಡಿದೆ, ಹಲ್ಲುಗಳು ಬಿಡಲಿಲ್ಲ. ಲಾರೆನ್ಸ್ ಸರ್ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ತಮ್ಮ ಮೇಲುವಸ್ತ್ರ ಕಳಚಿ, ಬೆಂಚಿನ ಹತ್ತಿರ ಬಂದು, ತಾವೇ ನನ್ನ ಹೆಗಲಿಗೆ ಸುತ್ತಿ ಗಂಟು ಹಾಕಿದರು. ನನ್ನ ನಾಲ್ಕು ವರ್ಷದ ನೌಕರಿಯಲ್ಲಿ ಕೇಳಿದ ದಿನವೇ ಮಂಜೂರಾದ ಅರ್ಜಿ ಅದೊಂದೇ. ಸೂರ್ಯ ಮೇಲೆ ಬರುವವರೆಗೆ ಅವರು ಅರ್ಧ ತೋಳಿನ ಅಂಗಿಯಲ್ಲಿ, ಕಿರೀಟ ಹಾಕಿಕೊಂಡು, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದರು. ಇಷ್ಟರ ಮೇಲೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕನ್ನೂ ನನ್ನಿಂದ ಕಿತ್ತುಕೊಂಡ ಹಾಗಾಯಿತು. ಮಧ್ಯಾಹ್ನ ಮೇಲುವಸ್ತ್ರವನ್ನು ಬಾಗಿಲಲ್ಲಿ ವಾಪಸ್ ಕೊಡಬೇಕಾಯಿತು. ಪಾಲಿಯೆಸ್ಟರ್ ಮೀಸೆಯವನು ಅದನ್ನು ಕೊಡವಿ, ಲೇಬಲ್ ನೋಡಿ ಮಡಚಿಟ್ಟ. ಆ ಲೇಬಲ್ಲಿನ ಮೇಲೆ ಪಾಲಿಯೆಸ್ಟರ್ ಎಂದೇ ಇತ್ತು.

ಸೋಮವಾರ ಆಫೀಸಿಗೆ ಬಂದರೆ ಕಿಟಕಿಯ ಹತ್ತಿರ ಡಬ್ಬಗಳಿಲ್ಲ. ಮೇಜು ಒರೆಸಿ ಥಳಥಳ ಇದೆ. ಅಲ್ಲಿ ನವಾಜ್ ಕಾಲು ಚಾಚಿ ಕೂತಿದ್ದಾನೆ.

"ನಿನಗೆ ಬುದ್ಧಿ ಉಂಟಾ ಪ್ರಜ್ಜು" ಎಂದರು ಫಿಲೋಮಿನಾ ಬಾಯಿ. "ಶುಕ್ರವಾರವೇ ಸರ್ ನನ್ನ ಹತ್ರ ಹೇಳಿದ್ರು, ಆ ಡಬ್ಬ ತೆಗೆಸಿ ಇಡಿ ಬಾಯಿ, ಹುಡುಗ ಹೇಗೂ ಅದನ್ನೇ ಕೇಳ್ತಾನೆ ಅಂತ. ನೀನು ಅಷ್ಟು ಜನರ ಎದುರು ಕಂಬಳಿ ಕೇಳಿದಿಯಲ್ಲ."

"ಹಾಗಾದ್ರೆ ಇವನು ಅಲ್ಲಿ ಹೇಗೆ ಕೂತ?"

"ಖಾಲಿ ಉಂಟಲ್ಲ ಸರ್, ನಾನು ಕೂತ್ಕೊಳ್ಲಾ ಅಂತ ಕೇಳಿದೆ" ಎಂದ ನವಾಜ್, ಬಿಸಿಲಿಗೆ ಕೂಲಿಂಗ್ ಗ್ಲಾಸು ಸರಿ ಮಾಡಿಕೊಳ್ಳುತ್ತಾ. "ಸರ್‌ಗೆ ಶೀತವಾಗಿ ಧ್ವನಿಯೇ ಹೋಗಿದೆ. ಮುಂದಿನ ವಾರ ಅಂತ ಹೇಳ್ಲಿಕ್ಕೆ ಆಗ್ಲಿಲ್ಲ. ತಲೆ ಆಡಿಸಿದ್ರು."

ನ್ಯಾಯವೇ ಇದು? ಗಾಳಿಗೆ ಮೈಯೊಡ್ಡಿ ನಗಿಸಿದವನು ನಾನು, ಸರ್‌ನ ಧ್ವನಿ ಹೋದದ್ದು ನನ್ನಿಂದ, ಬಿಸಿಲು ಅವನಿಗೆ. ನಾನು ಕುರ್ಚಿಯಿಂದ ನನ್ನ ಸ್ವೆಟರ್ ಎಳೆದು ಹಾಕಿಕೊಂಡೆ. ಎರಡು ದಿನ ನನಗಿಂತ ಬೆಚ್ಚಗೆ ಕಳೆದ ಸ್ವೆಟರ್ ಅದು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಈಗ ಪ್ಯಾಂಟ್ರಿಯಲ್ಲಿ ಚಹಾದ ಹೊತ್ತಿಗೆ ಬೇರೆಯವರ ಪ್ರದರ್ಶನ. ಒಬ್ಬ ಬೆಂಚು ಹತ್ತಿದವನ ಹಾಗೆ ನಿಲ್ಲುತ್ತಾನೆ, ಇನ್ನೊಬ್ಬ ಎಂತ ಬೇಕು ಎನ್ನುತ್ತಾನೆ, ಎಲ್ಲರೂ ಒಟ್ಟಿಗೆ ಕಂಬಳಿ ಎನ್ನುತ್ತಾರೆ. ಫಿಲೋಮಿನಾ ಬಾಯಿ ಎಸಿಯ ಪೆಟ್ಟಿಗೆಯ ಬೀಗ ತೆಗೆಯುವಾಗೆಲ್ಲ ನನ್ನ ಕಡೆ ತಿರುಗಿ ಅದನ್ನೇ ಹೇಳುತ್ತಾರೆ. ನನ್ನ ಸಿಟ್ಟು ಅವರು ಅಣಕಿಸುವುದಕ್ಕಲ್ಲ. ಅದು ನಾನು ಅವರಿಗೆ ಕಲಿಸಿದ ದುರ್ಗುಣ. ನನ್ನ ಸಿಟ್ಟು ಅವರು ಕೆಟ್ಟದಾಗಿ ಅಣಕಿಸುವುದಕ್ಕೆ. ನವಾಜ್ ನಾಲ್ಕು ಕ ಹಾಕುತ್ತಾನೆ, ಬಾಯಿಯವರು ಒಂದೂ ಹಾಕುವುದಿಲ್ಲ. ಸರಿಯಾಗಿ ಬರುವುದು ಒಬ್ಬರಿಗೇ. ಧ್ವನಿ ಮರಳಿದ ಮೇಲೆ ಒಂದು ದಿನ ಪ್ಯಾಂಟ್ರಿಯ ತೆಳು ಗೋಡೆಯ ಆಚೆಯಿಂದ ಕೇಳಿಸಿತು: ಎರಡು ಕ, ನಡುವೆ ಒಂದು ಉಸಿರು, ಹಲ್ಲಿನ ಕಟಕಟ, ಆಮೇಲೆ ಅಳುವ ಮಗುವಿನಂಥ ಕಂಬಳಿ. ಒಂದು ಗಳಿಗೆ ನಾನೇ ಆ ಕಡೆ ಇದ್ದೇನೆಂದು ಭ್ರಮೆಯಾಯಿತು. ನಾಲ್ಕು ವರ್ಷ ನನ್ನನ್ನು ಕೇಳಿಸಿಕೊಂಡ ಲಾರೆನ್ಸ್ ಸರ್ ಸುಮ್ಮನೆ ಕೇಳಿಸಿಕೊಂಡಿರಲಿಲ್ಲ.

ಮೊನ್ನೆ ತಡೆಯಲಾಗದೆ ಎದ್ದು ನಿಂತು, ಸರ್ ಮಾಡಿದ್ದೊಂದೇ ಸರಿ, ನೀವೆಲ್ಲ ಮಾಡುವುದು ತಪ್ಪು, ಹೀಗಲ್ಲ, ಹೀಗೆ ಎಂದು ನನ್ನನ್ನು ಹೇಗೆ ಅಣಕಿಸಬೇಕೆಂದು ಇಡೀ ಆಫೀಸಿಗೆ ತೋರಿಸಿಕೊಟ್ಟೆ. ನನ್ನ ಮೇಜಿನ ಹತ್ತಿರವೇ ತೋರಿಸಿದೆ. ನಟನೆಯ ಅಗತ್ಯ ಬೀಳಲಿಲ್ಲ. ಎಸಿ ತಲೆಯ ಮೇಲೆಯೇ ಇತ್ತು.