ನಾದಿನಿಯ ಡಬ್ಬಿಗಳಿಗೆ ನಾನೇ ಹೆಡ್ ಆಫೀಸು

ನನ್ನ ನಾದಿನಿಗೆ ಎದುರು ಮನೆ ಕಣ್ಣಿಗೆ ಕಾಣುವುದಿಲ್ಲ. ದೃಷ್ಟಿದೋಷ ಎಂದುಕೊಳ್ಳಬೇಡಿ! ಹುಣಸೂರಿನ ನಮ್ಮ ಜಗುಲಿಯ ಮೇಲೆ ಕೂತೇ ಕಾಕನಕೋಟೆ ಕಾಡಿನ ಅಂಚಿನ ಹಳ್ಳಿಮನೆಗಳ ಹೆಂಚು ಎಣಿಸಬಲ್ಲಳು. ಎದುರು ಮನೆಯಾಕೆ ತಾನಾಗಿ ಬಂದು, "ಅಕ್ಕ, ನನಗೂ ಒಂದು ಬೇಳೆ ಡಬ್ಬಿ ಕೊಡ್ರೀ" ಎಂದರೆ, "ನೋಡಾಣ ತಗಳವ್ವ, ಎಲ್ಲೋಯ್ತದೆ ಡಬ್ಬಿ" ಎಂದು ಸಾಗಹಾಕುತ್ತಾಳೆ. ಅದೇ ಡಬ್ಬಿಯನ್ನು ಹೊತ್ತು, ಎರಡು ಬಸ್ಸು ಬದಲಾಯಿಸಿ, ಕೊನೆಯ ತುಂಡು ದಾರಿಯನ್ನು ನಡೆದು, ನಾಯಿಗಳ ಕೈಲಿ ಬೊಗಳಿಸಿಕೊಂಡು ಕೊಟ್ಟು ಬಂದರೆ ಮಾತ್ರ ಅವಳಿಗೆ ವ್ಯಾಪಾರ ಮಾಡಿದ ತೃಪ್ತಿ!

ನಾದಿನಿ ಎಂದರೆ ನನ್ನ ಹೆಂಡತಿಯ ತಂಗಿ. ಐವತ್ತು ದಾಟಿದವಳು, ನಮ್ಮ ಬೀದಿಯಲ್ಲೇ ಇದ್ದಾಳೆ. ಪ್ಲಾಸ್ಟಿಕ್ ಡಬ್ಬಿ ಮಾಡುವ ಯಾವುದೋ ಕಂಪನಿಗೆ ಏಜೆಂಟಾಗಿದ್ದಾಳೆ. ಈ ಕಂಪನಿಗೆ ಅಂಗಡಿ ಇಲ್ಲ. ಯಾರಾದರೂ ಒಬ್ಬ ಗೃಹಿಣಿ ತನ್ನ ಮನೆಗೆ ಅಕ್ಕಪಕ್ಕದ ಹೆಂಗಸರನ್ನು ಕರೆಯಬೇಕು. ಇವಳು ಹೋಗಿ ಚಾಪೆಯ ಮೇಲೆ ಡಬ್ಬಿ ಹರಡಬೇಕು. ಅವರು ಕೊಳ್ಳಬೇಕು. ಕರೆದ ಮನೆಯಾಕೆಗೆ ಒಂದು ಡಬ್ಬಿ ಬಿಟ್ಟಿ. ಕಂಪನಿಯವರು ಇದಕ್ಕೆ 'ಹೋಮ್ ಪಾರ್ಟಿ' ಎಂದು ಹೆಸರಿಟ್ಟಿದ್ದಾರೆ. ಮೈಸೂರಿನಲ್ಲಿ ಕೂತು ಹೆಸರಿಡುವವರಿಗೇನು, ಅನುಭವಿಸುವವರು ನಾವು!

ಇದರಲ್ಲಿ ನಾನು ಹೇಗೆ ಸಿಕ್ಕಿಕೊಂಡೆ ಎಂದು ಕೇಳುತ್ತೀರಾ? ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯಲ್ಲಿ ಬಹಳ ಕಾಲ ರೈಟರಾಗಿದ್ದವನು. ಹೀಗಾಗಿ ನಮ್ಮ ನೆಂಟರಿಷ್ಟರಲ್ಲಿ ನನಗೆ ಲೆಕ್ಕ ಬಲ್ಲವನೆಂಬ ಕೆಟ್ಟ ಹೆಸರಿದೆ. ನಾದಿನಿಯ ಗಂಡನೋ, ಏನು ಕೇಳಿದರೂ "ನಿಮ್ಮ ಬಾವನ್ನ ಕೇಳು" ಎನ್ನುವ ಸಾಧು ಪ್ರಾಣಿ. ಇವಳು ತನ್ನ ಕಾರ್ಡಿನಲ್ಲಿ ಆಫೀಸಿನ ನಂಬರೆಂದು ನನ್ನ ಮೊಬೈಲ್ ನಂಬರು ಅಚ್ಚು ಹಾಕಿಸಿಬಿಟ್ಟಳು.

"ನನ್ನ ನಂಬರ್ ಯಾಕವ್ವ?" ಎಂದೆ.

"ಆಫೀಸು ಅಂದ್ಮೇಲೆ ಗಂಡಸ್ರ ದನಿ ಇರ್ಬೇಕು ಬಾವ. ಆಗ್ಲೇ ಜನ ನಂಬೋದು!"

ಅಂದಿನಿಂದ ನಾನೇ ಹೆಡ್ ಆಫೀಸು. ಒಂದು ಬೆಳಿಗ್ಗೆ ಮೈಗೆ ಸೋಪು ಹಚ್ಚಿಕೊಂಡಿದ್ದಾಗ ಬಿಳಿಕೆರೆಯಿಂದ ಫೋನು. "ಹಲೋ, ಡಬ್ಬಿ ಆಫೀಸಾ? ಮುಚ್ಚಳ ತೆಗೆಯಕ್ಕೇ ಬತ್ತಾ ಇಲ್ಲ ಕಣ್ರೀ!"

"ಒಳ್ಳೆ ಡಬ್ಬಿ ಹಂಗೇ ತಾಯಿ, ಬಿಗಿ ಇರ್ತದೆ. ನಿಧಾನಕ್ಕೆ ತೆಗೀರಿ. ಒಳಗೇನಿದೆ?"

"ನಮ್ಮೆಜಮಾನ್ರ ಬೀಪಿ ಮಾತ್ರೆ!"

ಆ ಯಜಮಾನರಿಗಿಂತ ಮೊದಲು ನನ್ನ ಬೀಪಿ ಏರಿತು.

ಹೀಗಿರುವಾಗ ಕಂಪನಿಯ ಮೇಡಂ ಒಬ್ಬರು ಕೇಳಿದರಂತೆ: ಎಚ್.ಡಿ. ಕೋಟೆ ಆಚೆಯ ಆ ಕಾಡಂಚಿನ ಹಳ್ಳಿಯನ್ನು ಇಟ್ಟುಕೊಳ್ಳುತ್ತೀರೋ ಬಿಡುತ್ತೀರೋ? ಅಷ್ಟು ದೂರ ಅಲೆಯುವುದರಿಂದ ಏನು ಗಿಟ್ಟುತ್ತದೆ? ತಿಂಗಳು ಮುಗಿಯುವುದರೊಳಗೆ ಹೇಳಿ.

ನಾದಿನಿ ನೇರವಾಗಿ ನನ್ನೆದುರು ಬಂದು ಕೂತಳು. "ಬಾವ, ನೀವೇ ಒಂದ್ ಸುತ್ತು ಬಂದು ನೋಡಿ. ಲಾಭವೋ ನಷ್ಟವೋ ಹೇಳಿ. ನೀವು ಬ್ಯಾಡ ಅಂದ್ರೆ ಆ ಊರ ಬುಟ್ಬುಡ್ತೀನಿ. ಎರಡ್ನೇ ಮಾತಿಲ್ಲ."

ಅವಳ ಮುಖ ನೋಡಿದರೆ ತಮಾಷೆಯಂತೆ ಕಾಣಲಿಲ್ಲ. ನಾನು ಬೇಡವೆಂದರೆ ಬಿಟ್ಟೇ ಬಿಡುತ್ತಿದ್ದಳು. ಅಷ್ಟೊಂದು ನಂಬಿಕೆಯನ್ನು ಯಾರ ಮೇಲೂ ಇಡಬಾರದು!

ಹತ್ತಿರದಿಂದಲೇ ಶುರು ಮಾಡೋಣ ಎಂದು ಮೊದಲು ಕಟ್ಟೆಮಳಲವಾಡಿಗೆ ಹೋದೆವು. ಭರ್ಜರಿ ವ್ಯಾಪಾರ. "ನೋಡಿದೆಯಾ, ಹತ್ತಿರವೇ ಲಾಭ" ಎಂದು ಬೀಗಿದೆ. ಮರುದಿನ ನಾವು ಕಾಫಿ ಕುಡಿಯುವ ಮೊದಲೇ ಆ ಊರಿನ ಹೆಂಗಸರು ನಮ್ಮ ಬಾಗಿಲಲ್ಲಿ! ಒಬ್ಬಳಿಗೆ ಮುಚ್ಚಳದ ಬಣ್ಣ ಹಿಡಿಸಿಲ್ಲ, ಇನ್ನೊಬ್ಬಳ ಅತ್ತೆಗೆ ಡಬ್ಬಿಯೇ ಹಿಡಿಸಿಲ್ಲ, ಮತ್ತೊಬ್ಬಳ ಗಂಡನಿಗೆ ಹೆಂಡತಿ ಕೊಂಡದ್ದೇ ಹಿಡಿಸಿಲ್ಲ. ಎಲ್ಲವೂ ವಾಪಸು. ನನಗೆ ಅನುಮಾನ, ಮಾರಿದ್ದಕ್ಕಿಂತ ಒಂದು ಹೆಚ್ಚಾಗಿಯೇ ವಾಪಸು ಬಂತು!

"ಈಗ್ಲಾದ್ರೂ ಅರ್ಥ ಆಯ್ತಾ ಬಾವ?" ಎಂದಳು ನಾದಿನಿ. "ಹತ್ರದೋರು ವಾಪಸ್ ತತ್ತಾರೆ. ಕಾಡ್ನಿಂದ ಯಾರ್ ಬತ್ತಾರೆ ಮುಚ್ಚಳ ಹಿಡ್ಕಂಡು? ದೂರವೇ ಲಾಭ!"

ಇದು ಯಾವ ಲೆಕ್ಕ? ಗಿರಣಿಯಲ್ಲಿ ನಾನು ಕಲಿತ ಲೆಕ್ಕದಲ್ಲಿ ಇದಿರಲಿಲ್ಲ. ಹಾಗೆಂದು ತಪ್ಪು ಎನ್ನುವಂತೆಯೂ ಇರಲಿಲ್ಲ. ಗೊಂದಲ ಶುರುವಾದದ್ದು ಅಲ್ಲಿಂದಲೇ.

ಆಮೇಲೆ ಕೆ.ಆರ್. ನಗರ. ನನ್ನ ಹಳೆಯ ಊರು, ಮರ್ಯಾದೆ ಸಿಗುತ್ತದೆ ಎಂದುಕೊಂಡು ಹೋದೆ. ಆ ಮನೆಯ ಹಿರಿಯರು ಹಜಾರದಲ್ಲಿ ಕೂತಿದ್ದರು. ಒಳಗೆ ಪಾರ್ಟಿ ನಡೆಯುತ್ತದೆ ಎಂದು ಸೊಸೆ ಹೇಳಿದ್ದಳಂತೆ.

"ಯಾವ ಪಾರ್ಟಿಯೋರವ್ವ ನೀವು?"

"ಡಬ್ಬಿ ಪಾರ್ಟಿ ಕಣ್ ಮಾವ" ಎಂದಳು ನಾದಿನಿ.

"ಹೊಸ್ದಾ? ಗುರುತೂ ಡಬ್ಬಿನೇಯಾ?"

"ಹೂಂ, ಡಬ್ಬಿನೇ."

"ಸರಿ ಬುಡು. ಓಟಿಗೆ ಮುಂಚೆ ಕೊಟ್ಬುಡ್ತೀರೋ, ಗೆದ್ ಮ್ಯಾಕೆ ಕೊಟ್ಟೀರೋ?"

ಅವರು ಬೀದಿಗೆಲ್ಲ ಸುದ್ದಿ ಮುಟ್ಟಿಸಿದರು. ಅರ್ಧ ಗಂಟೆಯಲ್ಲಿ ಗಂಡಸರ ಸಾಲು! ಬಿಟ್ಟಿ ಡಬ್ಬಿ ಇಲ್ಲವೆಂದು ತಿಳಿದಾಗ, "ಎಲ್ಲಾ ಪಾರ್ಟಿನೂ ಒಂದೇಯ ಕಣ್ರಲಾ" ಎಂದು ಬೈದುಕೊಂಡು ಚದುರಿದರು. ಆ ಬೀದಿಯಲ್ಲಿ ನಮ್ಮ ಡಿಪಾಜಿಟ್ಟೂ ಉಳಿಯಲಿಲ್ಲ.

ಪಿರಿಯಾಪಟ್ಟಣದಲ್ಲಿ ಇನ್ನೊಂದು ಬಗೆ. ಅಲ್ಲಿ ಗಂಡಸರು ಪಾರ್ಟಿ ಎಂಬ ಮಾತನ್ನು ತಮಗೆ ಬೇಕಾದ ಅರ್ಥದಲ್ಲಿ ತೆಗೆದುಕೊಂಡಿದ್ದರು. ಹೆಂಗಸರು ಒಳಗೆ ಡಬ್ಬಿ ನೋಡುತ್ತಿದ್ದರೆ ಇವರು ಹಿತ್ತಲಲ್ಲಿ ಗ್ಲಾಸು ತೊಳೆದಿಟ್ಟು, ಕಡಲೆಕಾಯಿ ಬೀಜ ಹುರಿಸಿಕೊಂಡು ಕಾದಿದ್ದರು. ಒಬ್ಬ ನನ್ನ ಕಿವಿಯ ಹತ್ತಿರ ಬಂದು, "ಯಜಮಾನ್ರೇ, ಯಾವಾಗ ಸುರು?" ಎಂದ.

"ಆಗಲೇ ಮುಗಿಯಿತಲ್ಲಪ್ಪ" ಎಂದೆ.

ಅಂಥ ದುಃಖವನ್ನು ನಾನು ಸಾವಿನ ಮನೆಯಲ್ಲೂ ಕಂಡಿಲ್ಲ.

ಕೊನೆಗೆ ಎಚ್.ಡಿ. ಕೋಟೆ ಕಡೆ ಹೊರಟೆವು. ಡಬ್ಬಿಯಿಂದ ವಾಸನೆ ಆಚೆ ಬರುವುದಿಲ್ಲವೆಂದು ತೋರಿಸಲು ಅವಳ ಬಳಿ ಒಂದು ಉಪಾಯವಿದೆ. ಡಬ್ಬಿಯೊಳಗೆ ಒಣಮೀನು ತುಂಬಿ, ಮುಚ್ಚಿ, "ಮೂಸಿ ನೋಡ್ರವ್ವ" ಎಂದು ಎಲ್ಲರ ಮೂಗಿಗೆ ಹಿಡಿಯುತ್ತಾಳೆ. ಆ ಡಬ್ಬಿ ಅಂದು ನನ್ನ ತೊಡೆಯ ಮೇಲಿತ್ತು. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಒಂದು ಮೂಟೆಯ ಮೇಲೆ ಹೇಗೋ ಕುಕ್ಕರಿಸಿದ್ದೆ. ಬಸ್ಸು ಒಂದು ಹಂಪು ಹಾರಿತು, ಮುಚ್ಚಳವೂ ಹಾರಿತು! ಮುಂದಿನ ಸ್ಟಾಪಿನಲ್ಲಿ ಸುತ್ತಲಿನವರೆಲ್ಲ ಮೂಗು ಹಿಡಿದುಕೊಂಡು ಇಳಿದರು. ನಮಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

"ನೋಡುದ್ರಾ, ದೂರದ ಪ್ರಯಾಣನೂ ಕಷ್ಟ ಇಲ್ಲ" ಎಂದಳು.

"ಟಿಕೆಟ್ ಖರ್ಚು ನೋಡು ಮೊದಲು" ಎಂದೆ.

"ಹೆಂಗಸ್ರಿಗೆ ಬಸ್ ಫ್ರೀ ಅಲ್ವಾ? ನನ್ನಿಂದ ಏನೂ ಖರ್ಚಿಲ್ಲ. ನಷ್ಟ ಆಗ್ತಿರೋದು ನಿಮ್ಮಿಂದ ಬಾವ!"

ಲೆಕ್ಕ ಹಾಕಿ ನೋಡಿದೆ. ನಿಜ! ನಷ್ಟವನ್ನು ಹುಡುಕಲು ಹೊರಟ ನಾನೇ ನಷ್ಟವಾಗಿದ್ದೆ.

ಅಂತರಸಂತೆ ದಾಟಿ ಆ ಹಳ್ಳಿ ಮುಟ್ಟುವಾಗ ನನ್ನ ಮಂಡಿಗಳು ನನ್ನವಾಗಿ ಉಳಿದಿರಲಿಲ್ಲ. ಅಲ್ಲಿ ಪಾರ್ಟಿ ಎನ್ನುವ ಮಾತೇ ಇಲ್ಲ. "ಅವ್ವ ಬಂದವ್ಳೆ" ಎಂದು ಯಾರೋ ಕೂಗಿದರು, ಹೆಂಗಸರು ಸೇರಿದರು. ಸೇರಿದವರು ಡಬ್ಬಿ ನೋಡಬೇಕಲ್ಲ? ಇಲ್ಲ, ಮಾತು! ಇವಳೂ ಕೂರಲಿಲ್ಲ. ಒಬ್ಬಳ ಮಗುವಿಗೆ ತಲೆ ಬಾಚಿದಳು, ಇನ್ನೊಬ್ಬಳ ಒಲೆಯ ಮೇಲಿನ ರೊಟ್ಟಿ ತಿರುವಿದಳು, ಮತ್ತೊಬ್ಬಳ ಸೊಸೆ ಸಿಟ್ಟು ಮಾಡಿಕೊಂಡು ಕೋಣೆ ಸೇರಿದ್ದಳಂತೆ, ಒಳಗೆ ಹೋಗಿ ನಗಿಸಿಕೊಂಡು ಕರೆತಂದಳು. ಒಬ್ಬ ಹಣ್ಣುಹಣ್ಣು ಅಜ್ಜಿ ಮಾತ್ರ ಪ್ರತಿ ಡಬ್ಬಿಯನ್ನೂ ತಿರುಗಿಸಿ ನೋಡಿ, ಕಡೆಗೆ ಎಲ್ಲಕ್ಕಿಂತ ಚಿಕ್ಕದನ್ನು ಎತ್ತಿಕೊಂಡಳು. "ಇದ್ರಲ್ಲಿ ಎಲಡಿಕೆ ಮಡಿಕಂಡ್ರೆ ಒಣಗಾಕಿಲ್ವಾ?"

ಆ ದಿನದ ವ್ಯಾಪಾರ ಅದೊಂದೇ.

ಹಿಂದಿರುಗುವಾಗ, "ನಷ್ಟ ಕಣವ್ವ" ಎಂದೆ.

"ಇನ್ನೊಂದ್ಸಲ ನೋಡಿ ಹೇಳಿ ಬಾವ" ಎಂದಳು. ಮೊದಲ ಬಾರಿಗೆ ಅವಳ ದನಿ ಸಣ್ಣಗಾಗಿತ್ತು.

ಈಗ ನಾನು ಮಾಡಿದ ಪಾಪವನ್ನು ಹೇಳಿಬಿಡುತ್ತೇನೆ. ಮತ್ತೆ ಹೊರಡಬೇಕಾದ ದಿನದ ಹಿಂದಿನ ಮಧ್ಯಾಹ್ನ ಆ ಹಳ್ಳಿಯಿಂದ ಫೋನು ಬಂತು. "ಡಬ್ಬಿ ಆಫೀಸಾ? ನಾಳೀಕ್ ಬತ್ತಾಳಾ ನಮ್ಮವ್ವ?" ಮಂಡಿ ನೀವಿಕೊಳ್ಳುತ್ತಾ ಕೂತಿದ್ದ ನಾನು, "ಇಲ್ಲಮ್ಮ, ಅವಳಿಗೆ ಜ್ವರ. ಮಲಗಿಬಿಟ್ಟಿದ್ದಾಳೆ" ಎಂದುಬಿಟ್ಟೆ. ಅವಳ ಒಳ್ಳೆಯದಕ್ಕೇ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ನಂಬಲಿಲ್ಲ, ಮಂಡಿ ನಂಬಿತು.

ಇತ್ತ ನಾದಿನಿಗೆ ಏನಾದರೂ ಹೇಳಬೇಕಲ್ಲ? "ಆ ಊರಲ್ಲಿ ಯಾರೋ ತೀರಿಕೊಂಡರಂತೆ. ಬರಬೇಡಿ ಅಂದರು."

"ಅಯ್ಯೋ, ಯಾರಂತೆ?"

ನಾನು ಇಷ್ಟು ಯೋಚಿಸಿರಲಿಲ್ಲ. "ಯಾರೋ... ವಯಸ್ಸಾದ ಅಜ್ಜಿ."

"ಎಲಡಿಕೆ ಅಜ್ಜಿನಾ!" ಎಂದು ಅವಳು ಅಲ್ಲೇ ಕುಸಿದು ಕೂತಳು. ಅಂದು ಊಟ ಮಾಡಲಿಲ್ಲ. ನಾನು ಸುಳ್ಳಿನಲ್ಲಿ ಸಾಯಿಸಿದ ಅಜ್ಜಿಗೆ ಅವಳು ನಿಜವಾದ ಕಣ್ಣೀರು ಹಾಕಿದಳು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕತಂಗಿಯರಿಬ್ಬರೂ ನಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಗೇಟು ಕಿರ್ರೆಂದಿತು. ನೋಡಿದರೆ ಕೋಟೆ ಕಡೆಯ ಹೆಂಗಸರ ದಂಡು! ಎಲ್ಲರ ಕೈಚೀಲದಲ್ಲೂ ಡಬ್ಬಿಗಳು. ಎಲ್ಲರಿಗಿಂತ ಮುಂದೆ, ಕೋಲೂರಿಕೊಂಡು, ನಾನು ಸಾಯಿಸಿದ್ದ ಅಜ್ಜಿ!

ನಾದಿನಿಯ ಮಡಿಲಿನ ಅವರೆಕಾಯಿ ಚೆಲ್ಲಾಪಿಲ್ಲಿಯಾಯಿತು. "ಅಜ್ಜೀ! ನೀವು... ನೀವ್ ಹೋಗಿಲ್ವಾ?"

"ಎಲ್ಲಿಗ್ ಮಗಾ?" ಎಂದಳು ಅಜ್ಜಿ. "ನೀನ್ಯಾಕ್ ಎದ್ ಕುಂತಿದ್ದೀಯೆ? ಜರ ಬಂದೋಳು ಮಲಿಕ್ಕೊಬಾರ್ದಾ?"

"ಜ್ವರಾನಾ? ನನ್ಗಾ?"

ಸತ್ತವಳು ಕಾಯಿಲೆಯವಳನ್ನು ನೋಡಿದಳು, ಕಾಯಿಲೆಯವಳು ಸತ್ತವಳನ್ನು ನೋಡಿದಳು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಬರುತ್ತದೆಂದು ಹುಡುಕತೊಡಗಿದೆ.

ಈಗ ಬೈಗುಳ ಶುರುವಾಗುತ್ತದೆ ಎಂದು ಕಾದೆ. ಆಗಲಿಲ್ಲ. ನಾದಿನಿ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಹಣೆಯ ಮೇಲೆ ಕೈಯಿಟ್ಟುಕೊಂಡಳು. "ಹೂಂ ಕಣಜ್ಜಿ, ನಿನ್ನೆಯಿಂದ ಸಿಕ್ಕಾಪಟ್ಟೆ ಜ್ವರ. ಬಾವ ಹೇಳಿರ್ಬೇಕು ನಿಮ್ಗೆ" ಎನ್ನುತ್ತಾ ಒಳಗೆ ಹೋಗಿ ನನ್ನ ಮಂಚದ ಮೇಲೆ ಮಲಗಿಯೇಬಿಟ್ಟಳು!

"ಏನ್ರೀ ಇದು?" ಎಂದಳು ನನ್ನ ಹೆಂಡತಿ.

"ಕಾಫಿ ಮಾಡು" ಎಂದೆ.

ಅಜ್ಜಿ ಒಂದು ಬಟ್ಟೆ ಒದ್ದೆ ಮಾಡಿ ನಾದಿನಿಯ ಹಣೆಯ ಮೇಲೆ ಹಾಕಿದಳು. ಒಬ್ಬಳು ಕಾಲು ಒತ್ತಿದಳು. ಇನ್ನೊಬ್ಬಳು ನಮ್ಮ ಅಡುಗೆಮನೆ ಹೊಕ್ಕು ಗಂಜಿಗಿಟ್ಟಳು. ವಾಪಸು ತಂದಿದ್ದಾರೆಂದು ನಾನು ಹೆದರಿದ್ದ ಡಬ್ಬಿಗಳ ಮುಚ್ಚಳ ತೆಗೆದರೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಕಾಡಿನ ಜೇನು! ಅದನ್ನು ನಾವು ತಿಂದೆವು. ಜ್ವರವಿಲ್ಲದ ನಾದಿನಿ ನಮ್ಮ ತಟ್ಟೆಗಳನ್ನು ನೋಡುತ್ತಾ ಗಂಜಿ ಕುಡಿದಳು. ತಪ್ಪು ಮಾಡಿದವನಿಗೆ ರೊಟ್ಟಿ ಗಂಟಲಲ್ಲಿ ಇಳಿಯಬಾರದಿತ್ತು. ಇಳಿಯಿತು. ನಾಲ್ಕು ಇಳಿಯಿತು.

ಮಧ್ಯಾಹ್ನ ಅವರನ್ನು ಬಸ್ಸು ಹತ್ತಿಸಲು ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ತಡೆಯಲಾಗದೆ ಅಜ್ಜಿಯನ್ನು ಪಕ್ಕಕ್ಕೆ ಕರೆದೆ. "ಅವ್ವ, ಅವಳಿಗೆ ಜ್ವರಾನೇ ಬಂದಿರಲಿಲ್ಲ. ಸುಳ್ಳು ಹೇಳಿದವನು ನಾನು. ಅವಳ ಹತ್ತಿರ ನೀವು ಸತ್ತಿರಿ ಎಂದೂ ಹೇಳಿದ್ದೆ."

"ಜರ ಇಲ್ದಿದ್ದು ಗೊತ್ತಾಯ್ತು ಬುಡಪ್ಪ. ಹಣೆ ಮುಟ್ಟಿದ್ನಲ್ಲ, ತಣ್ಗಿತ್ತು."

"ಗೊತ್ತಿದ್ದೂ ಸುಮ್ಮನಿದ್ರಾ?"

"ಮತ್ತೇನ್ ಮಾಡದು? ನಮ್ಮೂರ್ಗ್ ಬಂದ್ರೆ ಒಂದ್ಗಳ್ಗೆ ಕುಂತ್ಕಳಾಕಿಲ್ಲ ಅವ್ಳು. ಎಲ್ಲಾರ್ ಮನೇದೂ ಮಾಡ್ತಳೆ. ಇವತ್ತೊಂದಿನ ಮಲಗವ್ಳೆ. ನಾವಾದ್ರೂ ಒಸಿ ಕಾಲೊತ್ತಾನ ಅಂತ ಸುಮ್ಕಿದ್ದೋ." ಕಂಡಕ್ಟರು ಸೀಟಿ ಊದಿದ. ಅಜ್ಜಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. "ಅದಿರ್ಲಿ, ನನ್ನ ಸಾಯ್ಸಿದ್ದಕ್ಕೆ ಆಮ್ಯಾಕ್ ವಿಚಾರ್ಸ್ಕತ್ತೀನಿ. ಅವ್ಳ್ನ ಕಳುಸ್ತೀಯೋ ಇಲ್ವೋ, ಅದ ಹೇಳು."

"ಕಳಿಸ್ತೀನಿ ಅವ್ವ" ಎಂದೆ.

ಮನೆಗೆ ಬಂದರೆ ಅವಳು ಇನ್ನೂ ಮಲಗಿಯೇ ಇದ್ದಳು. ನಾಟಕವಲ್ಲ, ನಿಜವಾದ ನಿದ್ದೆ. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಕಾಲಿನ ಹಿಮ್ಮಡಿ ಒಡೆದು ಗೆರೆಗೆರೆಯಾಗಿತ್ತು. ಹಣೆಯ ಬಟ್ಟೆ ಒಣಗಿಹೋಗಿತ್ತು.

ಜ್ವರವೇ ಇಲ್ಲದ ಹಣೆಗೆ ಒದ್ದೆ ಬಟ್ಟೆ ಯಾಕೆ? ನನಗೂ ಗೊತ್ತಿಲ್ಲ. ಬಟ್ಟೆಯನ್ನು ತಂಬಿಗೆಯಲ್ಲಿ ಅದ್ದಿ ಮತ್ತೆ ಹಾಕಿದೆ. ಎಚ್ಚರವಾಗದಂತೆ ಮೆಲ್ಲಗೆ, "ಲಾಭವೋ ನಷ್ಟವೋ ನನಗೆ ಗೊತ್ತಾಗಲಿಲ್ಲ ಕಣವ್ವ. ನೀನು ಹೋಗ್ತಾ ಇರು. ನಾನು ಮಾಡಿದ್ದು ತಪ್ಪಾಯ್ತು" ಎಂದೆ.

ಅವಳು ಕಣ್ಣು ಬಿಡಲಿಲ್ಲ.

"ಸರ್ಯಾಗಿ ಹಿಂಡಿ ಹಾಕಿ ಬಾವ" ಎಂದಳು. "ಕಿವಿಗೆ ನೀರು ಇಳೀತಾ ಅದೆ."