ಉಸ್ತಾದರ ಕೋಲೂ ಏಕನಾಥನ ಎಮ್ಮೆಯೂ

ಏಕನಾಥ ಒಂದು ದಿನ ಪಾಟೀಲರ ಹೊಲಕ್ಕೆ ಬಿಟ್ಟಿ ದುಡಿಯಲು ಹೋಗಲಿಲ್ಲ. ಪಾಟೀಲರು ಅವನ ಎಮ್ಮೆಯನ್ನು ಹೊಡೆಸಿಕೊಂಡು ಹೋಗಿ ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿಸಿದರು.

ಇದು ನಡೆದದ್ದು ದುಬಲಗುಂಡಿ ದಾಟಿದರೆ ಸಿಗುವ ಒಂದು ಸಣ್ಣ ಊರಿನಲ್ಲಿ. ನಿಜಾಮರ ಆಳಿಕೆ ಹೋಗಿ ವರ್ಷ ತುಂಬುತ್ತ ಬಂದಿತ್ತು. ಪಾಟೀಲರು ಹೋಗಿರಲಿಲ್ಲ. ಅವರ ತಲೆಯ ಮೇಲಿನ ಕೆಂಪು ಟೋಪಿ ಹೋಗಿ ಬಿಳಿ ಟೋಪಿ ಬಂದಿತ್ತು, ತಲೆ ಅದೇ ಇತ್ತು.

ಬೆಳಗಾಗೆದ್ದು ಮುಕ್ತಾಬಾಯಿ ಮೊದಲು ಖಾಲಿ ಗೂಟ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಎರಡರಲ್ಲಿ ಗೂಟವೇ ಗಟ್ಟಿ ಎಂದು ಅವಳ ಮುಖ ಹೇಳಿತು.

“ಬಿಟ್ಟಿಗಿ ಬರಂಗಿಲ್ಲ ಅಂತ ಎದುರು ನಿಂತು ಹೇಳಿದ್ರೇನು?”

“ಇಲ್ಲ. ಹೊಟ್ಟಿ ನೋಯ್ತದ ಅಂತ ಹೇಳಿ ಕಳಿಸಿದೆ.”

“ಈಗ ಮನಿ ಮಂದಿದೆಲ್ಲಾ ಹೊಟ್ಟಿ ನೋಯ್ತದ. ಕೂಸಿಗಿ ಕುಡ್ಸಾಕ ಹನಿ ಹಾಲಿಲ್ಲ. ಎಮ್ಮಿ ತಂದ್ರ ಮನಿಗಿ ಬರ್ರಿ, ಇಲ್ಲಂದ್ರ ಗೂಟದ ಬಾಜೂಕ ಕುಂದರ್ರಿ. ನಿಮಗೂ ಒಂದು ಹಗ್ಗ ಹಾಕ್ತೀನಿ.”

ಏಕನಾಥನ ಎಣಿಕೆ ಸರಳವಾಗಿತ್ತು. ಪಾಟೀಲರಿಗೆ ಹೆದರದವರು ಊರಲ್ಲಿ ಯಾರೂ ಇಲ್ಲ, ಅಂಥವರನ್ನು ಹೊರಗಿನಿಂದಲೇ ತರಬೇಕು. ಹುಮನಾಬಾದಿನಲ್ಲಿ ತಾಲೀಮು ಎಂಬ ಗರಡಿಮನೆ ನಡೆಸುತ್ತಿದ್ದ ಬಂದೇನವಾಜ್ ಉಸ್ತಾದರ ಕೋಲಿನ ವಿದ್ಯೆ ಸುತ್ತೆಲ್ಲ ಹೆಸರಾಗಿತ್ತು. ಹೊತ್ತೇರುವುದರೊಳಗೆ ಹುಮನಾಬಾದ ಮುಟ್ಟಿದ. ಚಹಾದಂಗಡಿಯ ಹೊರಗೆ ನಿಂತು, ಕೇರಿಯವರಿಗೆಂದೇ ಬೇರೆ ಇಟ್ಟಿದ್ದ ಕಿವಿ ಮುರಿದ ಕಪ್ಪಿನಲ್ಲಿ ಚಹಾ ಕುಡಿಯುತ್ತ, ತಾಲೀಮಿನ ದಾರಿ ಕೇಳಿದ. ಅವನು ಮಾಡಿದ ತಪ್ಪೆಂದರೆ, ಟಾಂಗಾ ಹೊಡೆಯುವ ಲಾಲ್ ಅಹ್ಮದನೂ ಬಟ್ಟೆ ಹೊಲಿಯುವ ಪಂಡರಿಯೂ ಒಟ್ಟಿಗೆ ಕೂತಿದ್ದಾಗ ಕೇಳಿದ್ದು.

“ಉಸ್ತಾದ್ ಅಂದ್ರ ಯಾರ್ ಅಂತ ತಿಳ್ದಿ?” ಲಾಲ್ ಅಹ್ಮದ್ ಚಹಾದ ಬಸಿಯನ್ನು ಕೆಳಗಿಟ್ಟ. “ಕಲ್ಯಾಣದ ಕಿಲ್ಲೇದಾಗ ಧೋ ಅಂತ ಮಳಿ ಸುರ್ಯಾಕತ್ತಿತ್ತು. ತಲಿ ಮ್ಯಾಲ ಕೋಲು ತಿರುವ್ಕೋತ ಈ ದರ್ವಾಜಾದಿಂದ ಆ ದರ್ವಾಜಾಕ್ಕ ನಡದ್ರು. ಟೋಪಿ ಮ್ಯಾಲ ಒಂದು ಹನಿ ಬಿದ್ದಿದ್ರ ಕೇಳು.”

“ಆ ವರ್ಷ ಮಳೀನ ಆಗಿದ್ದಿಲ್ಲ,” ಎಂದ ಪಂಡರಿ. “ನಮ್ಮ ಮಾವನ ತೊಗರಿ ಒಣಗಿ ಹೋಗಿತ್ತು.”

“ನಮ್ಮ ಅಬ್ಬಾ ಕಣ್ಣಾರೆ ನೋಡ್ಯಾರ.”

“ನಿಮ್ಮ ಅಬ್ಬಾಗ ಎದುರಿಗಿ ಬಂದ ಎಮ್ಮಿ ಕಾಣ್ತಿದ್ದಿಲ್ಲ. ಮಳಿ ಹನಿ ಕಂಡವೇನು?”

ಎಮ್ಮೆ ಎಂಬ ಮಾತು ಕೇಳಿದ್ದೇ ಏಕನಾಥ ಅಳತೊಡಗಿದ. ಬಿಕ್ಕುತ್ತ ಎಲ್ಲವನ್ನೂ ಹೇಳಿದ. ಅಂಗಡಿಯಲ್ಲಿದ್ದವರ ಮುಖವೆಲ್ಲ ಅರಳಿತು. ಪಾಪ ಅನ್ನಿಸಿದ್ದಕ್ಕೆ ಅಲ್ಲ. ಎಷ್ಟೋ ವರ್ಷಗಳಿಂದ ಬಗೆಹರಿಯದಿದ್ದ ವಾದಕ್ಕೆ ಒಂದು ಎಮ್ಮೆ ಸಿಕ್ಕಿತ್ತು.

“ಇವತ್ತ ಫೈಸಲಾ ಆಗ್ಲಿ,” ಎಂದು ಪಂಡರಿ ಕತ್ತರಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ಎದ್ದ.

ಉಸ್ತಾದರೆಂದರೆ ಆಲದ ಮರದಂತೆ ಇರುತ್ತಾರೆಂದು ಏಕನಾಥ ಎಣಿಸಿದ್ದ. ಕಂಡದ್ದು ನುಗ್ಗೆಕಾಯಿ. ಬಿಳಿಗಡ್ಡದ ಮುದುಕರೊಬ್ಬರು ಕುಕ್ಕರಗಾಲಲ್ಲಿ ಕೂತು ಅಖಾಡದ ಮಣ್ಣಿಗೆ ನೀರು ಚಿಮುಕಿಸುತ್ತಿದ್ದರು. ಪಂಡರಿ ಲಾಲ್ ಅಹ್ಮದನ ಪಕ್ಕೆಗೆ ತಿವಿದ. ಲಾಲ್ ಅಹ್ಮದ್ ಆಕಾಶ ನೋಡಿದ.

ಉಸ್ತಾದರು ಕತೆಯನ್ನೆಲ್ಲ ಕೇಳಿ ತಲೆಯಾಡಿಸಿದರು. “ಬೇಟಾ, ನಾ ಬಾಡಿಗಿಗಿ ಕೋಲು ಎತ್ತಂಗಿಲ್ಲ. ನನ್ನ ತಾಲೀಮಿನವರ ಮ್ಯಾಲ ಯಾರರ ಜುಲುಮ್ ಮಾಡಿದ್ರ ಅಷ್ಟ ಎತ್ತೂದು.”

“ಹಂಗಾದ್ರ ಇವಂಗ ಶಾಗಿರ್ದ ಮಾಡ್ಕೋರಿ, ನಿಮ್ಮ ಶಿಷ್ಯ ಆಗ್ಲಿ,” ಎಂದ ಲಾಲ್ ಅಹ್ಮದ್.

ಏಕನಾಥ ಹಿಂದೆ ಸರಿದ. “ನಾ ಕೇರಿಯಾಂವ ಇದೀನ್ರಿ. ನನಗ ಮುಟ್ಟಂಗಿಲ್ರಿ.”

“ಈ ಮಣ್ಣಿಗಿ ಜಾತಿ ತಿಳಿಯಂಗಿಲ್ಲ. ಇದರಾಗ ಬಿದ್ದವರೆಲ್ಲಾ ಒಂದ ಬಣ್ಣ ಆಗ್ತಾರ,” ಎಂದು ಉಸ್ತಾದರು ಅವನ ತೋಳಿಗೆ ಕಪ್ಪು ದಾರ ಕಟ್ಟಿ, ತಮ್ಮ ಕೈಯಿಂದಲೇ ಬಾಯಿಗೆ ಬೆಲ್ಲ ಇಟ್ಟರು. ಹೊರಗಿನವರೊಬ್ಬರು ಅವನ ಬಾಯಿಗೆ ಕೈಯಾರೆ ಏನನ್ನಾದರೂ ಇಟ್ಟದ್ದು ಅದೇ ಮೊದಲು. ಎಮ್ಮೆ ಸಿಗದಿದ್ದರೂ ನಡೆದೀತು ಎಂದು ಒಂದು ಗಳಿಗೆ ಅವನಿಗೆ ಅನ್ನಿಸಿತು. ಮುಕ್ತಾಬಾಯಿ ನೆನಪಾದಳು, ಹಾಗನ್ನಿಸುವುದು ನಿಂತಿತು.

“ಕಾಯಿದೆ ಕೇಳು. ತಾಲೀಮಿನವರು ತಾಲೀಮಿನವರ ಮ್ಯಾಲ ಕೈ ಎತ್ತಬಾರ್ದು. ಹಿರೇ ಶಾಗಿರ್ದನ ಸೇವಾ ಕಿರಿಯಾಂವ ಮಾಡ್ಬೇಕು. ಆಯ್ತು, ಆ ಪಾಟೀಲನ ಹೆಸರೇನು?”

“ಪಾಟೀಲ್ರು ಅಂತಾರ್ರಿ.”

“ಊರಿಗೊಬ್ಬ ಪಾಟೀಲ ಇರ್ತಾನ. ಹೆಸರೇನಂದೆ.”

ಏಕನಾಥ ಸುತ್ತ ನೋಡಿದ. ಆ ಹೆಸರನ್ನು ಬಾಯಲ್ಲಿ ಆಡಿದ್ದಕ್ಕೇ ಅವನಪ್ಪ ಚಾವಡಿಯ ಮುಂದೆ ಏಟು ತಿಂದಿದ್ದ. ಅಂದಿನಿಂದ ಕೇರಿಯಲ್ಲಿ ಯಾರೂ ಅದನ್ನು ಉಸುರಿರಲಿಲ್ಲ. “ದೊಡ್ಡವರ ಹೆಸರು ನಮ್ಮ ಬಾಯಾಗ ಬರಂಗಿಲ್ರಿ ಉಸ್ತಾದ,” ಎಂದ.

“ಇರ್ಲಿ ಬಿಡು,” ಎಂದು ಉಸ್ತಾದರು ಕೋಲು ತೆಗೆದುಕೊಂಡರು.

ಲಾಲ್ ಅಹ್ಮದನ ಟಾಂಗಾ ನೋಡನೋಡುತ್ತ ತುಂಬಿತು. ಉಸ್ತಾದರು, ಪಂಡರಿ, ಚಹಾದಂಗಡಿಯವನು, ಅವನ ಭಾವಮೈದುನ, ಎಲ್ಲಿಗೆ ಹೋಗುತ್ತಿದೆಯೆಂದು ಗೊತ್ತಿಲ್ಲದೆ ಹತ್ತಿದ ಇನ್ನಿಬ್ಬರು. ಎಮ್ಮೆಯ ಒಡೆಯನಿಗೆ ಮಾತ್ರ ಜಾಗ ಸಿಗಲಿಲ್ಲ. ಹಿಂದೆ ಓಡುತ್ತ ಬಂದ. ದುಬಲಗುಂಡಿ ದಾಟಿ ಊರು ಮುಟ್ಟುವ ತನಕ ಟಾಂಗಾದ ದೂಳನ್ನೆಲ್ಲ ಅವನೊಬ್ಬನೇ ಕುಡಿದ. ಮುಂದೆ ಮಾತು ನಡೆದೇ ಇತ್ತು.

“ಹೊಡದ್ರ ಎಡಗೈಲೆ ಹೊಡೀತಾರ, ನೋಡ್ತಿರು,” ಎಂದ ಲಾಲ್ ಅಹ್ಮದ್.

“ಈ ವಯಸ್ಸಿನ್ಯಾಗ ಕೋಲು ಊರ್ಕೊಂಡು ನಿಂತ್ರ ಸಾಕಾಗ್ಯದ.”

“ಸುಮ್ಮ ಕುಂದರ್ರೋ,” ಎಂದರು ಉಸ್ತಾದರು. “ಕುದುರಿ ನಗಾಕತ್ತದ.”

ಪಾಟೀಲರ ವಾಡೆಯ ಮುಂದೆ ಟಾಂಗಾ ನಿಂತಾಗ ಊರಿಗೆ ಊರೇ ಸೇರಿತು. ಏಕನಾಥ ಏದುಸಿರು ಬಿಡುತ್ತ ಬಂದು ಮುಟ್ಟುವುದರೊಳಗೆ ಪಾಟೀಲರ ಆಳುಗಳಿಬ್ಬರು ದೊಣ್ಣೆ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದರು.

“ಎಮ್ಮಿ ಬಿಡ್ರಿ,” ಎಂದರು ಉಸ್ತಾದರು.

“ಮುದುಕಪ್ಪಾ, ಮನಿಗಿ ಹೋಗು,” ಎಂದು ಒಬ್ಬ ದೊಣ್ಣೆ ಬೀಸಿದ.

ಆಮೇಲೆ ಏನಾಯಿತೆಂದು ನೋಡಿದವರು ಯಾರೂ ಒಂದೇ ಬಗೆಯಾಗಿ ಹೇಳಲಿಲ್ಲ. ಗಿರ್ರೆಂದು ಒಂದು ಸದ್ದು ಕೇಳಿತು. ಒಂದು ದೊಣ್ಣೆ ಬೇವಿನ ಮರ ಏರಿತು, ಇನ್ನೊಂದು ದೊಣ್ಣೆ ತನ್ನ ಒಡೆಯನ ಕಾಲಸಂದಿಯಲ್ಲಿ ಸಿಕ್ಕಿ ಅವನನ್ನು ಕೂರಿಸಿತು. ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ. ಉಸ್ತಾದರ ಟೋಪಿ ಅಲುಗಿರಲಿಲ್ಲ. ಪಂಡರಿ ಎರಡೂ ಕೈ ತಲೆಯ ಮೇಲೆ ಹೊತ್ತು, “ಮಳಿ ಆಗಿತ್ತಪ್ಪಾ ಆಗಿತ್ತು,” ಎಂದ.

ಏಕನಾಥನ ಎದೆ ಉಬ್ಬಿತು. ಹುಟ್ಟಿದಾಗಿನಿಂದ ಬಗ್ಗಿಯೇ ಇದ್ದ ಬೆನ್ನು ನೆಟ್ಟಗಾಗಿ, ಎಲ್ಲೋ ಲಟಕ್ಕೆಂದಿತು. ವಾಡೆಯ ಒಳಗಿಂದ ಮೀಸೆ ತಿರುವುತ್ತ, ಹೊಟ್ಟೆ ಮುಂದೆ ಮಾಡಿಕೊಂಡು ಪಾಟೀಲರು ಹೊರಬಂದರು. ಉಸ್ತಾದರನ್ನು ಕಂಡರು. ಬಂದ ಕಾಲಿನಲ್ಲೇ ದೊಪ್ಪೆಂದು ಅವರ ಪಾದಕ್ಕೆ ಬಿದ್ದರು.

“ಉಸ್ತಾದ, ನನ್ನ ಗುರ್ತು ಸಿಗಲಿಲ್ಲೇನು? ನಾ ದತ್ತು. ಕಲ್ಯಾಣದ ತಾಲೀಮಿನ ದತ್ತಾತ್ರಿ.”

ಉಸ್ತಾದರು ಬಗ್ಗಿ ನೋಡಿದರು. “ಅರೇ, ದತ್ತು. ನಾ ಕಲ್ಯಾಣದಾಗ ತಾಲೀಮು ನಡೆಸ್ತಿದ್ದಾಗ ಸೋದರಮಾವನ ಮನ್ಯಾಗ ಇದ್ದಾಂವ. ಅವಾಗ ಮೀಸಿ ಇದ್ದಿಲ್ಲ, ಈ ಹೊಟ್ಟೀನೂ ಇದ್ದಿಲ್ಲ.” ಆಮೇಲೆ ನಿಧಾನವಾಗಿ ಏಕನಾಥನ ಕಡೆ ತಿರುಗಿದರು. “ಬೇಟಾ, ಅಷ್ಟು ಕೇಳಿದೆ. ದತ್ತಾತ್ರಿ ಅಂದಿದ್ರ ನಾ ಟಾಂಗಾನ ಹತ್ತತಿದ್ದಿಲ್ಲ.”

ಕೋಲು ಕೆಳಗಿಳಿಯಿತು. ತಾಲೀಮಿನವರ ಮೇಲೆ ತಾಲೀಮಿನವರು ಕೈ ಎತ್ತುವಂತಿಲ್ಲ. ಹೆದರಿಕೆಯನ್ನು ಮರ್ಯಾದೆಯೆಂದು ಬಾಯಲ್ಲಿ ಮುಚ್ಚಿಟ್ಟುಕೊಂಡ ತನ್ನಂಥ ಜಾಣ ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ ಎಂದುಕೊಂಡ ಏಕನಾಥ.

“ಇವನೂ ನನ್ನ ಶಾಗಿರ್ದ, ದತ್ತು. ಎಮ್ಮಿ ಕೊಟ್ಟುಬಿಡು,” ಎಂದರು ಉಸ್ತಾದರು.

ಪಾಟೀಲರು ಏಕನಾಥನ ತೋಳಿನ ದಾರ ನೋಡಿ ಅಂಗೈ ತಟ್ಟಿ ನಕ್ಕರು. “ಹಂಗಾದ್ರ ತಮ್ಮ ಆದ್ನಲ್ಲ. ಅಣ್ಣ ತಮ್ಮಂದಿರೊಳಗ ನಿಂದು ನಂದು ಎಲ್ಲೀದು? ತಮ್ಮನ ಎಮ್ಮಿ ಅಣ್ಣನ ಮನ್ಯಾಗದ.”

ಏಕನಾಥ ಉಗುಳು ನುಂಗಿದ. “ಹಂಗಾದ್ರ ನಿಮ್ಮ ಹೊಲ?”

“ಹೊಲ ನಮ್ಮಪ್ಪಂದು. ಅಂವ ಯಾರ ಶಾಗಿರ್ದಾನೂ ಅಲ್ಲ.”

ಉಸ್ತಾದರು ಗಡ್ಡ ಕೆರೆದುಕೊಂಡರು. ಟಾಂಗಾದವರು ಆಗಲೇ ಬೇವಿನ ಕೆಳಗೆ ಕೂತು, ಹೊಡೆದದ್ದು ಎಡಗೈಯೋ ಬಲಗೈಯೋ ಎಂದು ಜಗಳಕ್ಕೆ ಬಿದ್ದಿದ್ದರು. ಎಮ್ಮೆ ಯಾರ ನೆನಪಿನಲ್ಲೂ ಉಳಿದಿರಲಿಲ್ಲ.

ಪಾಟೀಲರು ಕಟ್ಟೆಯ ಮೇಲೆ ಗಾದಿ ಹಾಸಿಸಿ, ಎಣ್ಣೆಯ ಬಟ್ಟಲು ತರಿಸಿದರು. “ಕಿರೇ ಶಾಗಿರ್ದ ಹಿರಿಯಾಂವನ ಕಾಲು ಒತ್ತಬೇಕು. ಹೌದಲ್ಲ ಉಸ್ತಾದ?”

“ಹೌದು,” ಎಂದರು ಉಸ್ತಾದರು, ನೆಲ ನೋಡುತ್ತ.

ನಿನ್ನೆಯ ತನಕ ಏಕನಾಥನ ನೆರಳು ಬಿದ್ದರೆ ಮೈ ತೊಳೆದುಕೊಳ್ಳುತ್ತಿದ್ದ ಪಾಟೀಲರು ಎರಡೂ ಕಾಲು ಚಾಚಿದರು. “ಬಾರೋ ಏಕ್ಯಾ. ಬಿಟ್ಟಿ ಅಂತ ಒತ್ತಬ್ಯಾಡ, ತಮ್ಮ ಅಂತ ಒತ್ತು.”

“ಒತ್ತಿಬಿಡು ಬೇಟಾ, ಕಾಯಿದೆ ಅದ,” ಎಂದರು ಉಸ್ತಾದರು.

ಏಕನಾಥ ಬಗ್ಗಲು ನೋಡಿದ. ಮೊಣಕಾಲು ಮಡಚಲಿಲ್ಲ. ಇನ್ನೊಮ್ಮೆ ನೋಡಿದ, ಆಗಲೂ ಇಲ್ಲ. ಬಾಯಿ ಏನೋ ಹೇಳಲು ಹೊರಟಿದೆ ಎಂದು ಅವನಿಗೆ ಗೊತ್ತಾಯಿತು, ಅದನ್ನು ಹಿಡಿದು ನಿಲ್ಲಿಸುವಷ್ಟು ಹೊತ್ತು ಸಿಗಲಿಲ್ಲ.

“ಒತ್ತಂಗಿಲ್ರಿ,” ಎಂದ. “ತಮ್ಮ ಅಂತನೂ ಒತ್ತಂಗಿಲ್ಲ.”